ಹಂಚಿದ ಲಿಂಕ್‌ನ ಮುಖವನ್ನು ನಿರ್ಧರಿಸುವವರು ಯಾರು?

2023ರ ಅಕ್ಟೋಬರ್ ಮೊದಲ ವಾರದಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಸಂಸ್ಥೆಯು ತನ್ನ ತಾಣದಲ್ಲಿ ಹಂಚಿದ ಲಿಂಕ್‌ಗಳ ಜೊತೆ ಬರುತ್ತಿದ್ದ ಶೀರ್ಷಿಕೆಯನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಸುದ್ದಿಯೊಂದರ ಲಿಂಕ್ ಹಾಕಿದರೆ ಒಂದು ಚಿತ್ರ, ಅದರ ಕೆಳಗೆ ಶೀರ್ಷಿಕೆ ಮತ್ತು ಜಾಲತಾಣದ ಹೆಸರು ಕಾಣಿಸುತ್ತಿದ್ದವು. ಅಂದಿನಿಂದ ಚಿತ್ರವೊಂದೇ ಉಳಿದು, ಅದರ ಮೂಲೆಯಲ್ಲಿ ಜಾಲತಾಣದ ವಿಳಾಸ ಮಾತ್ರ ಚಿಕ್ಕದಾಗಿ ಕಾಣಿಸತೊಡಗಿತು. ಈ ಬದಲಾವಣೆ ತಮ್ಮದೇ ನಿರ್ಧಾರವೆಂದೂ, ಇದರಿಂದ ತಾಣದ ಅಂದ ಬಹಳ ಹೆಚ್ಚುವುದೆಂದೂ ಎಲಾನ್ ಮಸ್ಕ್ ಆಗಸ್ಟ್‌ನಲ್ಲಿಯೇ ಹೇಳಿದ್ದರು. ಓದುಗರಿಗಾದದ್ದು ಗೊಂದಲ. ಚಿತ್ರದ ಹಿಂದೆ ಒಂದು ಲೇಖನವಿದೆಯೋ, ಅಥವಾ ಅದು ಯಾರೋ ಹಾಕಿದ ಬರಿಯ ಫೋಟೋ ಮಾತ್ರವೋ ಎಂಬುದೇ ಮೇಲ್ನೋಟಕ್ಕೆ ತಿಳಿಯದಂತಾಯಿತು. ಕೆಲವು ತಿಂಗಳ ಬಳಿಕ ಶೀರ್ಷಿಕೆಯು ಚಿತ್ರದ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಮರಳಿತಾದರೂ, ಒಂದು ಸಂಗತಿ ಎಲ್ಲ ಪ್ರಕಾಶಕರಿಗೂ ಸ್ಪಷ್ಟವಾಗಿತ್ತು: ಪುಟದ ಒಡೆಯರು ಯೋಚಿಸಿ ಬರೆದ ಶೀರ್ಷಿಕೆಯನ್ನು ಓದುಗರ ಕಣ್ಣಿನಿಂದ ಮರೆಮಾಡಲು ಒಂದು ಕಂಪನಿಯ ಒಂದು ತೀರ್ಮಾನ ಸಾಕು.

ಇದು ಅಲಂಕಾರದ ಪ್ರಶ್ನೆಯಲ್ಲ. ಲಿಂಕ್‌ನ ಜೊತೆ ಕಾಣುವ ಆ ಚಿಕ್ಕ ಚೌಕಟ್ಟು, ಅಂದರೆ ಪ್ರಿವ್ಯೂ, ಬಹುಪಾಲು ಜನರ ಮಟ್ಟಿಗೆ ಲೇಖನದ ಬಾಗಿಲಾಗಿ ಉಳಿದಿಲ್ಲ, ಅದೇ ಲೇಖನವಾಗಿಬಿಟ್ಟಿದೆ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಟ್ವಿಟರ್‌ನಲ್ಲಿ ಹಂಚಲಾದ ಸುದ್ದಿಯ ಲಿಂಕ್‌ಗಳಲ್ಲಿ ಶೇ. 59ರಷ್ಟನ್ನು ಒಬ್ಬರೂ ಒತ್ತಿ ನೋಡಿರಲಿಲ್ಲ ಎಂದು ಅಂದಾಜಿಸಿತು. 2024ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವು ಫೇಸ್‌ಬುಕ್‌ನಲ್ಲಿ 2017ರಿಂದ 2020ರವರೆಗೆ ಹಂಚಿಕೆಯಾದ ಕೋಟ್ಯಂತರ ಸಾರ್ವಜನಿಕ ಪೋಸ್ಟ್‌ಗಳನ್ನು ಪರಿಶೀಲಿಸಿ, ಸುಮಾರು ಶೇ. 75ರಷ್ಟು ಹಂಚಿಕೆಗಳು ಹಂಚಿದವರು ಲಿಂಕನ್ನು ತೆರೆಯದೆಯೇ ಮಾಡಿದವು ಎಂಬುದನ್ನು ಕಂಡುಕೊಂಡಿತು. ಟ್ವಿಟರ್ 2020ರಲ್ಲಿ, ಲೇಖನವನ್ನು ತೆರೆಯದೆ ಮರುಹಂಚಿಕೆ ಮಾಡಲು ಹೊರಟವರಿಗೆ ಮೊದಲು ಓದಿ ನೋಡುವಿರಾ ಎಂದು ಕೇಳುವ ವ್ಯವಸ್ಥೆಯನ್ನು ಪರೀಕ್ಷಿಸಿದಾಗ, ಸೂಚನೆ ಕಂಡವರು ಲೇಖನಗಳನ್ನು ತೆರೆಯುವುದು ಶೇ. 40ರಷ್ಟು ಹೆಚ್ಚಿತೆಂದು ಆ ಸಂಸ್ಥೆಯೇ ತಿಳಿಸಿತ್ತು. ಜನರು ತೀರ್ಪು ಕೊಡುವುದು, ಸಿಟ್ಟಾಗುವುದು, ಬೇರೆಯವರಿಗೆ ದಾಟಿಸುವುದು ಎಲ್ಲವೂ ಹೆಚ್ಚಾಗಿ ಈ ಚೌಕಟ್ಟನ್ನು ನೋಡಿಯೇ ಆಗುತ್ತಿರುವಾಗ, ಅದರಲ್ಲಿ ಏನಿರಬೇಕೆಂದು ನಿರ್ಧರಿಸುವುದು ಸಂಪಾದಕರ ಹೊಣೆಯೇ ಹೊರತು ತಾಂತ್ರಿಕ ವಿಭಾಗಕ್ಕೆ ಬಿಟ್ಟುಬಿಡುವ ಚಿಲ್ಲರೆ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಚೌಕಟ್ಟು ಹುಟ್ಟುವ ಬಗೆ ಹೀಗಿದೆ. ನಾವು ಫೇಸ್‌ಬುಕ್‌ನಲ್ಲಿ ಒಂದು ವಿಳಾಸವನ್ನು ಅಂಟಿಸಿದೊಡನೆ ಆ ಸಂಸ್ಥೆಯ ಸರ್ವರ್‌ನಿಂದ ಒಂದು ಸ್ವಯಂಚಾಲಿತ ತಂತ್ರಾಂಶ ಆ ಪುಟಕ್ಕೆ ಹೋಗಿ, ಪುಟದ ತಲೆಭಾಗದಲ್ಲಿ ಓದುಗರಿಗೆ ಕಾಣದಂತೆ ಬರೆದಿರುವ ಕೆಲವು ಟ್ಯಾಗ್‌ಗಳನ್ನು, ಅಂದರೆ ಪುಟದ ಬಗ್ಗೆ ಯಂತ್ರಕ್ಕೆ ತಿಳಿಸುವ ಗುರುತುಗಳನ್ನು, ಓದಿಕೊಂಡು ಬರುತ್ತದೆ. ಈ ಟ್ಯಾಗ್‌ಗಳ ಒಪ್ಪಿತ ಕ್ರಮಕ್ಕೆ ಓಪನ್ ಗ್ರಾಫ್ ಎಂದು ಹೆಸರು. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಇದನ್ನು ಪ್ರಕಟಿಸಿತು. ಇದರಲ್ಲಿ ಕಡ್ಡಾಯವಾದವು ನಾಲ್ಕೇ: ಶೀರ್ಷಿಕೆ, ಬಗೆ, ಚಿತ್ರ ಮತ್ತು ಪುಟದ ಅಧಿಕೃತ ವಿಳಾಸ. ವಿವರಣೆ, ಜಾಲತಾಣದ ಹೆಸರು, ಭಾಷೆ ಮೊದಲಾದವು ಐಚ್ಛಿಕ. ಇದಕ್ಕೆ ಎರಡು ವರ್ಷ ಮುಂಚೆ, 2008ರಲ್ಲಿ, ವಿಡಿಯೊ ಮತ್ತು ಫೋಟೋಗಳನ್ನು ಬೇರೆ ತಾಣದಲ್ಲಿ ಹುದುಗಿಸಿ ತೋರಿಸಲು ಓಎಂಬೆಡ್ ಎಂಬ ಕ್ರಮ ಬಂದಿತ್ತು. 2012ರಲ್ಲಿ ಟ್ವಿಟರ್ ತನ್ನದೇ ಕಾರ್ಡ್ ಟ್ಯಾಗ್‌ಗಳನ್ನು ತಂದರೂ, ಅವು ಇಲ್ಲದ ಕಡೆ ಓಪನ್ ಗ್ರಾಫ್ ಟ್ಯಾಗ್‌ಗಳನ್ನೇ ಓದಿಕೊಳ್ಳುವ ವ್ಯವಸ್ಥೆ ಮಾಡಿತು. ಲಿಂಕ್ಡ್‌ಇನ್, ಸ್ಲ್ಯಾಕ್, ಟೆಲಿಗ್ರಾಂ, ವಾಟ್ಸ್ಯಾಪ್ ಎಲ್ಲವೂ ಇಂದು ಇದೇ ಟ್ಯಾಗ್‌ಗಳನ್ನು ನೋಡುತ್ತವೆ. ಒಂದು ಕಂಪನಿ ತನ್ನ ಅನುಕೂಲಕ್ಕೆ ರೂಪಿಸಿದ ಕ್ರಮವು ಹೀಗೆ ಇಡೀ ಅಂತರಜಾಲದ ರೂಢಿಯಾಯಿತು.

ಟ್ಯಾಗ್‌ಗಳಿಲ್ಲದ ಪುಟಕ್ಕೂ ಪ್ರಿವ್ಯೂ ಬರುತ್ತದೆ, ಆದರೆ ಅದು ಯಂತ್ರದ ಊಹೆ. ಪುಟದಲ್ಲಿ ಸಿಕ್ಕ ಯಾವುದೋ ಚಿತ್ರ, ಬಹುಮಟ್ಟಿಗೆ ತಾಣದ ಲಾಂಛನ ಅಥವಾ ಪಕ್ಕದ ಅಂಕಣದ ಜಾಹೀರಾತು, ಲೇಖನದ ಮುಖವಾಗಿ ಬಂದು ಕುಳಿತುಕೊಳ್ಳುತ್ತದೆ. ಒಬ್ಬ ಹಿರಿಯ ಸಾಹಿತಿಗೆ ಬರೆದ ಶ್ರದ್ಧಾಂಜಲಿಯ ಜೊತೆಗೆ ಪಕ್ಕದ ಅಂಕಣದ ಸೀರೆ ಮಾರಾಟದ ಚಿತ್ರ ಹೋಗುವುದು ಇಂಥ ಅಲಕ್ಷ್ಯದಿಂದಲೇ. ಪುಟದ ವಸ್ತುವನ್ನೆಲ್ಲ ಜಾವಾಸ್ಕ್ರಿಪ್ಟ್ ಮೂಲಕ, ಅಂದರೆ ಬ್ರೌಸರ್‌ನಲ್ಲಿ ಚಲಿಸುವ ಪ್ರೋಗ್ರಾಮ್ ಮೂಲಕ, ಆಮೇಲೆ ತುಂಬುವ ತಾಣಗಳದ್ದು ಇನ್ನೊಂದು ತೊಂದರೆ. ಪ್ರಿವ್ಯೂ ತರಲು ಬರುವ ತಂತ್ರಾಂಶಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟನ್ನು ಚಲಾಯಿಸುವುದಿಲ್ಲವಾದ್ದರಿಂದ, ಟ್ಯಾಗ್‌ಗಳು ಸರ್ವರ್‌ನಿಂದ ಬರುವ ಮೊದಲ ಪಠ್ಯದಲ್ಲಿಯೇ ಇರಬೇಕು. ಇಲ್ಲದಿದ್ದರೆ ತಾಣದ ಎಲ್ಲ ಪುಟಗಳೂ ಒಂದೇ ಶೀರ್ಷಿಕೆ, ಒಂದೇ ಚಿತ್ರ ಹೊತ್ತು ತಿರುಗುತ್ತವೆ.

ನಿಯಂತ್ರಣದ ಪ್ರಶ್ನೆ ನಿಜವಾಗಿ ತೊಡಕಾಗುವುದು ತಿದ್ದುಪಡಿಯ ವಿಷಯದಲ್ಲಿ. ಫೇಸ್‌ಬುಕ್ ಒಮ್ಮೆ ಓದಿಕೊಂಡ ಟ್ಯಾಗ್‌ಗಳನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ, ತಾನಾಗಿ ಮತ್ತೆ ಪುಟವನ್ನು ನೋಡಲು 30 ದಿನಗಳವರೆಗೂ ಕಾಯುತ್ತದೆ. ಶೀರ್ಷಿಕೆಯಲ್ಲಿ ಒಬ್ಬರ ಹೆಸರು ತಪ್ಪಾಗಿ, ಅಥವಾ ಆರೋಪಿಯೊಬ್ಬರನ್ನು ಅಪರಾಧಿಯೆಂದು ಬರೆದು, ಹತ್ತು ನಿಮಿಷದಲ್ಲಿ ಸಂಪಾದಕರು ಅದನ್ನು ತಿದ್ದಿದರೂ, ಹಂಚಿಕೆಯಾಗುತ್ತಿರುವ ಚೌಕಟ್ಟಿನಲ್ಲಿ ಹಳೆಯ ತಪ್ಪೇ ಮುಂದುವರಿಯಬಹುದು. ಇದನ್ನು ಸರಿಪಡಿಸಲು ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್‌ನಲ್ಲಿ ಪುಟದ ವಿಳಾಸ ಕೊಟ್ಟು ಮತ್ತೊಮ್ಮೆ ಓದಿಸಬೇಕು. ಲಿಂಕ್ಡ್‌ಇನ್‌ಗೆ ಪೋಸ್ಟ್ ಇನ್‌ಸ್ಪೆಕ್ಟರ್ ಎಂಬ ಸಾಧನವಿದೆ, ಟೆಲಿಗ್ರಾಂಗೆ ಅದಕ್ಕೆಂದೇ ಒಂದು ಬಾಟ್ ಇದೆ. ಇವನ್ನು ಬಳಸಲು ಯಾವ ವಿಶೇಷ ತಾಂತ್ರಿಕ ಜ್ಞಾನವೂ ಬೇಡ, ಸುದ್ದಿಮನೆಯ ಯಾವ ಉಪಸಂಪಾದಕರಾದರೂ ಒಂದೆರಡು ನಿಮಿಷದಲ್ಲಿ ಮಾಡಬಹುದು. ಆದರೆ ವಾಟ್ಸ್ಯಾಪ್‌ಗೆ ಇಂಥ ಸಾಧನವೇ ಇಲ್ಲ. ಅಲ್ಲಿ ಚೌಕಟ್ಟು ಸಂದೇಶದ ಜೊತೆಯಲ್ಲಿಯೇ ಹೋಗಿ ಪಡೆದವರ ಫೋನಿನಲ್ಲಿ ಉಳಿಯುವುದರಿಂದ, ಒಮ್ಮೆ ಹೊರಟ ತಪ್ಪು ಶೀರ್ಷಿಕೆಯನ್ನು ಯಾರೂ ಹಿಂದಕ್ಕೆ ತರಲಾರರು. ಕರ್ನಾಟಕದಲ್ಲಿ ಸುದ್ದಿ ಹೆಚ್ಚಾಗಿ ಓಡಾಡುವುದು ಊರಿನ, ಬೀದಿಯ, ಬಂಧುಬಳಗದ ವಾಟ್ಸ್ಯಾಪ್ ಗುಂಪುಗಳಲ್ಲಿ ಎಂಬುದನ್ನು ನೆನೆದರೆ, ಪ್ರಕಟಿಸುವ ಗುಂಡಿ ಒತ್ತುವ ಮೊದಲೇ ಪ್ರಿವ್ಯೂವನ್ನು ಓದಿ ನೋಡುವ ಶಿಸ್ತು ಎಷ್ಟು ಮುಖ್ಯವೆಂಬುದು ಅರ್ಥವಾಗುತ್ತದೆ.

ವಾಟ್ಸ್ಯಾಪ್‌ನ ಈ ಕ್ರಮಕ್ಕೆ ತಕ್ಕ ಕಾರಣವೂ ಇದೆ. ಸಂದೇಶಗಳು ಕಳುಹಿಸುವವರಿಂದ ಪಡೆಯುವವರವರೆಗೆ ಗೂಢಲಿಪಿಯಲ್ಲಿಯೇ ಹೋಗಬೇಕಾದರೆ, ಮಧ್ಯದ ಸರ್ವರ್ ಆ ಲಿಂಕನ್ನು ನೋಡಬಾರದು. ಹಾಗಾಗಿ ಕಳುಹಿಸುವವರ ಫೋನೇ ಪುಟಕ್ಕೆ ಹೋಗಿ ಶೀರ್ಷಿಕೆ ಮತ್ತು ಚಿತ್ರಗಳನ್ನು ತಂದು ಸಂದೇಶಕ್ಕೆ ಸೇರಿಸುತ್ತದೆ. ಪಡೆಯುವವರ ಫೋನು ಪುಟವನ್ನು ತರುವಂತಾದರೆ, ಲಿಂಕನ್ನು ಒತ್ತದಿದ್ದರೂ ಅವರ ಐಪಿ ವಿಳಾಸ (ಅಂತರಜಾಲದಲ್ಲಿ ಫೋನಿನ ಗುರುತು ಸಂಖ್ಯೆ) ಅಪರಿಚಿತ ತಾಣಕ್ಕೆ ತಿಳಿದುಬಿಡುತ್ತದೆ. ಇನ್ನು ಸರ್ವರ್ ತರುವಂತಾದರೆ ಖಾಸಗಿ ಮಾತುಕತೆಯ ಲಿಂಕ್ ಕಂಪನಿಯ ಕೈಗೆ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಇಬ್ಬರು ಭದ್ರತಾ ಸಂಶೋಧಕರು ಈ ಮೂರೂ ಬಗೆಗಳನ್ನು ಹಲವು ಆ್ಯಪ್‌ಗಳಲ್ಲಿ ಪರೀಕ್ಷಿಸಿ, ಫೇಸ್‌ಬುಕ್ ಮೆಸೆಂಜರ್ ಮತ್ತು ಇನ್‌ಸ್ಟಾಗ್ರಾಂನ ಸರ್ವರ್‌ಗಳು ಪ್ರಿವ್ಯೂಗಾಗಿ ದೊಡ್ಡ ದೊಡ್ಡ ಫೈಲ್‌ಗಳನ್ನೇ ಪೂರ್ತಿಯಾಗಿ ಇಳಿಸಿಕೊಳ್ಳುತ್ತಿದ್ದುದನ್ನು ತೋರಿಸಿಕೊಟ್ಟರು. ಕಳುಹಿಸುವವರ ಫೋನಿನಿಂದ ಪ್ರಿವ್ಯೂ ತಯಾರಿಸುವುದು ಇವುಗಳಲ್ಲಿ ಖಾಸಗಿತನಕ್ಕೆ ಹೆಚ್ಚು ಹೊಂದುವ ದಾರಿ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ದಾರಿಯಲ್ಲಿ ಇನ್ನೊಂದು ಅಪಾಯ ಕಾದಿದೆ. ಚೌಕಟ್ಟನ್ನು ತಯಾರಿಸುವುದು ಕಳುಹಿಸುವವರ ಫೋನೇ ಆದ್ದರಿಂದ, ಮಾರ್ಪಡಿಸಿದ ತಂತ್ರಾಂಶ ಬಳಸುವವರು ಲಿಂಕ್ ಒಂದಕ್ಕೆ, ಶೀರ್ಷಿಕೆ ಮತ್ತು ಚಿತ್ರ ಇನ್ನೊಂದಕ್ಕೆ ಸೇರಿದವೆಂಬಂತೆ ಕಳುಹಿಸಬಲ್ಲರು. ಅಷ್ಟು ಕಷ್ಟವೂ ಬೇಕಾಗಿಲ್ಲ. ಓಪನ್ ಗ್ರಾಫ್ ಟ್ಯಾಗ್‌ಗಳಲ್ಲಿ ಏನು ಬರೆಯಬೇಕೆಂಬುದು ಸಂಪೂರ್ಣವಾಗಿ ಪುಟದ ಒಡೆಯರ ಇಚ್ಛೆಯಾದ್ದರಿಂದ, ವಂಚಕರು ತಮ್ಮ ಪುಟದ ಟ್ಯಾಗ್‌ನಲ್ಲಿ ಸರ್ಕಾರದ ಲಾಂಛನ, ಮುಖ್ಯಮಂತ್ರಿಯವರ ಚಿತ್ರ, ಯೋಜನೆಯ ಹೆಸರು ಎಲ್ಲವನ್ನೂ ಹಾಕಿಕೊಳ್ಳಬಹುದು, ತಡೆಯುವವರು ಯಾರೂ ಇಲ್ಲ. 2023ರಲ್ಲಿ ಕರ್ನಾಟಕ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ನೋಂದಣಿ ನಡೆಯುತ್ತಿದ್ದಾಗ ನಕಲಿ ಲಿಂಕ್‌ಗಳು ವಾಟ್ಸ್ಯಾಪ್‌ನಲ್ಲಿ ಹರಿದಾಡಿ, ಸೇವಾ ಸಿಂಧು ತಾಣದ ಮೂಲಕವೇ ಅರ್ಜಿ ಹಾಕಬೇಕೆಂದು ಜನರನ್ನು ಎಚ್ಚರಿಸಬೇಕಾಯಿತು. ಇಂಥ ವೇಳೆಯಲ್ಲಿ ಓದುಗರಿಗೆ ನಂಬಬಹುದಾದ ಗುರುತೆಂದರೆ ವಿಳಾಸವೊಂದೇ. ಸರ್ಕಾರದ ತಾಣಗಳ ವಿಳಾಸದಲ್ಲಿ ಹೆಸರಿನ ಭಾಗವು ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ, ಮತ್ತು ಈ ಹೆಸರುಗಳನ್ನು ಖಾಸಗಿಯವರು ನೋಂದಾಯಿಸಿಕೊಳ್ಳಲಾಗದು. ಚಿತ್ರ ದೊಡ್ಡದು, ಶೀರ್ಷಿಕೆ ದಪ್ಪಕ್ಷರದ್ದು, ವಿಳಾಸ ಮಾತ್ರ ಬೂದು ಬಣ್ಣದ ಅತಿ ಸಣ್ಣ ಅಕ್ಷರದ್ದು ಎಂಬ ವಿನ್ಯಾಸವನ್ನು ಬಹುತೇಕ ಎಲ್ಲ ಆ್ಯಪ್‌ಗಳೂ ಅನುಸರಿಸುತ್ತಿವೆ. ಸುಲಭವಾಗಿ ಸುಳ್ಳು ಹೇಳಬಹುದಾದ ಭಾಗಗಳಿಗೆ ಹೆಚ್ಚು ಜಾಗ, ಸುಳ್ಳು ಹೇಳಲು ಕಷ್ಟವಾದ ಭಾಗಕ್ಕೆ ಅತಿ ಕಡಿಮೆ ಜಾಗ ಕೊಟ್ಟಿರುವ ಈ ವಿನ್ಯಾಸ ಬದಲಾಗಲೇಬೇಕು.

ವಿಳಾಸವನ್ನೂ ಮರೆಮಾಚುವ ಉಪಾಯಗಳಿಲ್ಲವೆಂದಲ್ಲ. ಪ್ರಿವ್ಯೂ ತರಲು ಬರುವ ತಂತ್ರಾಂಶವು ತನ್ನ ಹೆಸರನ್ನು ಹೇಳಿಕೊಂಡೇ ಬರುತ್ತದೆ. ಆ ಹೆಸರನ್ನು ಗುರುತಿಸಿದ ವಂಚಕರ ಸರ್ವರ್ ಅದನ್ನು ಹೆಸರಾಂತ ಪತ್ರಿಕೆಯ ಪುಟಕ್ಕೆ ದಾಟಿಸಿ, ಮನುಷ್ಯರು ಬಂದಾಗ ಮಾತ್ರ ವಂಚನೆಯ ಪುಟಕ್ಕೆ ಕಳುಹಿಸುತ್ತದೆ. ಎಕ್ಸ್‌ನಲ್ಲಿ ಹೆಸರಾಂತ ಪ್ರಕಟಣೆಯ ವಿಳಾಸ ತೋರಿಸಿ ಕ್ರಿಪ್ಟೊ ವಂಚನೆಯ ಟೆಲಿಗ್ರಾಂ ಗುಂಪುಗಳಿಗೆ ಕರೆದೊಯ್ಯುವ ಇಂಥ ಪೋಸ್ಟ್‌ಗಳನ್ನು ಭದ್ರತಾ ತಜ್ಞರು ಬಯಲಿಗೆಳೆದಿದ್ದಾರೆ. ಕೊನೆಗೆ ತಲುಪುವ ವಿಳಾಸದ ಜೊತೆಗೆ, ಮೊದಲು ಒತ್ತುವ ಲಿಂಕ್‌ನ ವಿಳಾಸವನ್ನೂ ತೋರಿಸಿದರೆ ಈ ಮೋಸದ ಬಹುಭಾಗ ನಿಲ್ಲುತ್ತದೆ.

ಇಲ್ಲಿ ಒಂದು ಹಳೆಯ ನಿರ್ಧಾರವನ್ನು ನೆನಪಿಸಿಕೊಳ್ಳಬೇಕು. 2017ರವರೆಗೆ ಫೇಸ್‌ಬುಕ್‌ನ ಪೇಜ್‌ಗಳನ್ನು ನಡೆಸುವವರು ಯಾವುದೇ ಲಿಂಕ್ ಹಂಚುವಾಗ ಅದರ ಶೀರ್ಷಿಕೆ, ವಿವರಣೆ, ಚಿತ್ರಗಳನ್ನು ತಮಗೆ ಬೇಕಾದಂತೆ ಬದಲಿಸಬಹುದಿತ್ತು. ಒಂದು ಪ್ರತಿಷ್ಠಿತ ಪತ್ರಿಕೆಯ ವರದಿಗೆ, ಅದರಲ್ಲಿಲ್ಲದ ಮಾತನ್ನೇ ಶೀರ್ಷಿಕೆಯಾಗಿ ಕೊಟ್ಟು, ಆ ಪತ್ರಿಕೆಯ ಹೆಸರಿನಡಿಯಲ್ಲಿಯೇ ಹಂಚುವುದಕ್ಕೆ ಇದು ಅವಕಾಶ ಕೊಟ್ಟಿತ್ತು. ಸುಳ್ಳು ಸುದ್ದಿಗಳ ಬಗ್ಗೆ ಟೀಕೆ ತೀವ್ರವಾದಾಗ ಆ ವರ್ಷದ ಮಧ್ಯಭಾಗದಲ್ಲಿ ಸಂಸ್ಥೆಯು ಈ ಸೌಲಭ್ಯವನ್ನು ಹಿಂತೆಗೆದುಕೊಂಡಿತು, ತಾಣದ ಒಡೆತನವನ್ನು ದೃಢಪಡಿಸಿದ ಪ್ರಕಾಶಕರಿಗೆ ಮಾತ್ರ ತಮ್ಮ ಲಿಂಕ್‌ಗಳನ್ನು ಬದಲಿಸುವ ಅವಕಾಶ ಉಳಿಸಿತು. ಲಿಂಕನ್ನು ವಿವರಿಸುವ ಹಕ್ಕು ಪುಟವನ್ನು ಬರೆದವರದ್ದೇ ಹೊರತು ಹಂಚಿದವರದ್ದಲ್ಲ ಎಂಬ ತತ್ವವನ್ನು ಅದು ಒಪ್ಪಿಕೊಂಡಂತಾಯಿತು. ಹಂಚುವವರು ತಮ್ಮ ಅಭಿಪ್ರಾಯವನ್ನು ಲಿಂಕ್‌ನ ಮೇಲ್ಗಡೆ ತಮ್ಮ ಹೆಸರಿನಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಈ ಗೆರೆ ಸರಿಯಾಗಿದೆ ಎಂದೇ ನಾನು ತಿಳಿಯುತ್ತೇನೆ. ಬ್ಲೂಸ್ಕೈನಂಥ ಹೊಸ ತಾಣಗಳಲ್ಲಿ ಪೋಸ್ಟ್ ಮಾಡುವವರ ಕಡೆಯಿಂದಲೇ ಚೌಕಟ್ಟಿನ ಪಠ್ಯ ಬರುವ ವಿನ್ಯಾಸವಿರುವುದರಿಂದ ಆ ಗೆರೆ ಮತ್ತೆ ಮಸುಕಾಗುತ್ತಿದೆ. ಮುಕ್ತ ಜಾಲವನ್ನು ಕಟ್ಟುವವರು 2017ರ ಪಾಠವನ್ನು ಕಡೆಗಣಿಸಬಾರದು.

ಪುಟದ ಒಡೆಯರಿಗೆ ಹಕ್ಕು ಕೊಟ್ಟ ಮೇಲೆ ಅವರು ಅದನ್ನು ಹೇಗೆ ಬಳಸುತ್ತಾರೆಂಬುದೂ ಪ್ರಶ್ನೆಯೇ. ಪುಟದ ಒಳಗಿನ ಶೀರ್ಷಿಕೆ ಒಂದು, ಓಪನ್ ಗ್ರಾಫ್‌ನ ಶೀರ್ಷಿಕೆ ಇನ್ನೊಂದು ಆಗಿರಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಒಳಗೆ ಸಮತೋಲನದ ಶೀರ್ಷಿಕೆ ಇಟ್ಟು, ಹಂಚಿಕೆಗೆ ಮಾತ್ರ ‘ಇದನ್ನು ಕೇಳಿದರೆ ಬೆಚ್ಚಿ ಬೀಳ್ತೀರಿ’ ಎಂಬ ಧಾಟಿಯ ಸಾಲನ್ನು ಕೊಡುವ ರೂಢಿ ನಮ್ಮ ಸುದ್ದಿ ತಾಣಗಳಲ್ಲಿಯೂ ಬೆಳೆದಿದೆ. ಲಿಂಕ್ ತೆರೆಯದ ಬಹುಸಂಖ್ಯಾತರಿಗೆ ತಲುಪುವುದು ಆ ಸಾಲು ಮಾತ್ರ. ನ್ಯಾಯಾಲಯವು ಅರ್ಜಿಯನ್ನು ವಿಚಾರಣೆಗೆ ಅಂಗೀಕರಿಸಿದ ಸುದ್ದಿಯು ಚೌಕಟ್ಟಿನಲ್ಲಿ ‘ಸರ್ಕಾರಕ್ಕೆ ಭಾರೀ ಮುಖಭಂಗ’ ಎಂದಾದರೆ, ಒಳಗಿನ ಲೇಖನ ಎಷ್ಟೇ ನಿಖರವಾಗಿದ್ದರೂ ಪತ್ರಿಕೆ ತನ್ನ ಓದುಗರಿಗೆ ತಪ್ಪು ಮಾಹಿತಿಯನ್ನೇ ಕೊಟ್ಟಂತೆ. ಹಂಚಿಕೆಯ ಶೀರ್ಷಿಕೆ ಚಿಕ್ಕದಾಗಿರಬಹುದು, ಆದರೆ ಒಳಗಿನ ಶೀರ್ಷಿಕೆ ಹೇಳದ್ದನ್ನು ಅದು ಹೇಳಬಾರದು.

ಚೌಕಟ್ಟಿನಲ್ಲಿ ಇಲ್ಲದಿರುವ ಒಂದು ಅಂಶವು ಇರುವ ಎಲ್ಲ ಅಂಶಗಳಿಗಿಂತ ಹೆಚ್ಚು ಹಾನಿ ಮಾಡುತ್ತಿದೆ, ಅದು ದಿನಾಂಕ. ಲೇಖನ ಪ್ರಕಟವಾದ ಹೊತ್ತನ್ನು ತಿಳಿಸುವ ಟ್ಯಾಗ್ ಓಪನ್ ಗ್ರಾಫ್‌ನಲ್ಲಿಯೇ ಇದ್ದರೂ, ಅದನ್ನು ಪ್ರಿವ್ಯೂದಲ್ಲಿ ತೋರಿಸುವ ಆ್ಯಪ್‌ಗಳು ವಿರಳ. ಹಾಗಾಗಿ ಮೂರು ವರ್ಷ ಹಿಂದಿನ ಪ್ರವಾಹದ ವರದಿ, ಹಿಂದಿನ ಮಳೆಗಾಲದಲ್ಲಿ ಶಾಲೆಗಳಿಗೆ ಕೊಟ್ಟ ರಜೆಯ ಸುದ್ದಿ, ಎಂದೋ ರದ್ದಾದ ಸರ್ಕಾರಿ ಸುತ್ತೋಲೆಯ ವಿವರ, ಇವೆಲ್ಲ ಇಂದಿನವೆಂಬಂತೆ ಮತ್ತೆ ಹರಿದಾಡುತ್ತವೆ. ಇಲ್ಲಿ ಯಾರೂ ಸುಳ್ಳನ್ನು ಬರೆದಿರುವುದಿಲ್ಲ. ನಿಜವಾದ ಪತ್ರಿಕೆಯ ನಿಜವಾದ ಸುದ್ದಿಯೇ ಕಾಲ ತಪ್ಪಿ ಸುಳ್ಳಾಗುತ್ತದೆ. ಬ್ರಿಟನ್ನಿನ ದಿ ಗಾರ್ಡಿಯನ್ ಪತ್ರಿಕೆಗೆ 2019ರ ಆರಂಭದಲ್ಲಿ ಇದೇ ಅನುಭವವಾಯಿತು. 2013ರಲ್ಲಿ ಅದು ಪ್ರಕಟಿಸಿದ್ದ, ಗೋಮಾಂಸವೆಂದು ಕುದುರೆ ಮಾಂಸ ಮಾರಿದ ಹಗರಣದ ವರದಿಗೆ ಫೇಸ್‌ಬುಕ್‌ನಿಂದ ಇದ್ದಕ್ಕಿದ್ದಂತೆ ಓದುಗರು ಬರತೊಡಗಿದರು. ಪತ್ರಿಕೆಯು ಅದೇ ವರ್ಷ ಹಳೆಯ ಲೇಖನಗಳ ಮೇಲೆ ಅವು ಎಷ್ಟು ಹಳೆಯವೆಂಬ ಹಳದಿ ಪಟ್ಟಿಯನ್ನು ಎದ್ದು ಕಾಣುವಂತೆ ಹಾಕಿದ್ದಲ್ಲದೆ, ಹಂಚಿಕೆಯ ಚಿತ್ರದ ಮೇಲೆಯೇ ಪ್ರಕಟವಾದ ವರ್ಷವನ್ನು ಮುದ್ರಿಸುವ ವ್ಯವಸ್ಥೆ ಮಾಡಿತು. ವೇದಿಕೆಗಳ ಅನುಮತಿಗೆ ಕಾಯದೆ, ತನ್ನ ನಿಯಂತ್ರಣದಲ್ಲಿರುವ ಚಿತ್ರದ ಟ್ಯಾಗನ್ನೇ ಬಳಸಿ ಸಮಸ್ಯೆಯನ್ನು ಎದುರಿಸಿದ ಜಾಣ್ಮೆ ಇದು. ಮರುವರ್ಷ ಜೂನ್‌ನಲ್ಲಿ ಫೇಸ್‌ಬುಕ್ ಕೂಡ 90 ದಿನಗಳಿಗಿಂತ ಹಳೆಯ ಸುದ್ದಿಯನ್ನು ಹಂಚುವವರಿಗೆ ಎಚ್ಚರಿಕೆ ತೋರಿಸತೊಡಗಿತು. ಕನ್ನಡದ ಯಾವುದೇ ಸುದ್ದಿ ತಾಣವೂ ಗಾರ್ಡಿಯನ್ ಮಾಡಿದ್ದನ್ನು ಅಷ್ಟೇ ಸುಲಭವಾಗಿ ಮಾಡಬಹುದು, ಮತ್ತು ಮಳೆಗಾಲದ ರಜೆಯ ಸುದ್ದಿಗಳಿಗಾದರೂ ಮೊದಲು ಮಾಡಬೇಕು.

ಕನ್ನಡದ ಪುಟಗಳಿಗೆ ಇದಲ್ಲದೆ ಬೇರೆ ಕೆಲವು ತೊಡಕುಗಳಿವೆ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟು ಕಟ್ಟಿದ ವ್ಯವಸ್ಥೆಗಳಲ್ಲಿ ಅವು ಯಾರ ಗಮನಕ್ಕೂ ಬರುವುದಿಲ್ಲ. ಮೊದಲನೆಯದು ವಿಳಾಸ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8 ಕ್ರಮದಲ್ಲಿ 3 ಬೈಟ್‌ಗಳಾಗುತ್ತದೆ, ವಿಳಾಸದಲ್ಲಿ ಸೇರಿದಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ 7 ಸಂಕೇತಗಳಿವೆ, ಅದು ವಿಳಾಸದಲ್ಲಿ 63 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಕನ್ನಡ ವಿಕಿಪೀಡಿಯದ ಪುಟವೊಂದನ್ನು ಹಂಚಿದವರೆಲ್ಲ ಈ ಉದ್ದನೆಯ, ಓದಲಾಗದ ಸಾಲನ್ನು ಕಂಡಿದ್ದಾರೆ. ಅಂಥ ಸಾಲು ಸಂದೇಹ ಹುಟ್ಟಿಸುವಂತಿರುವುದರಿಂದ ಒಳ್ಳೆಯ ಲೇಖನವನ್ನೂ ಜನ ತೆರೆಯಲು ಹಿಂಜರಿಯುತ್ತಾರೆ. ಅಂಥ ಕಡೆ ಪ್ರಿವ್ಯೂ ಸರಿಯಾಗಿ ಬಂದರೆ ಮಾತ್ರ ಓದುಗರಿಗೆ ಧೈರ್ಯ. ಎಂದರೆ ಕನ್ನಡದ ಪುಟಕ್ಕೆ ಈ ಟ್ಯಾಗ್‌ಗಳು ಇಂಗ್ಲಿಷಿನ ಪುಟಕ್ಕಿಂತ ಹೆಚ್ಚು ಅಗತ್ಯ.

ಎರಡನೆಯದು ಶೀರ್ಷಿಕೆಯ ಕತ್ತರಿಕೆ. ಉದ್ದವಾದ ಶೀರ್ಷಿಕೆಯನ್ನು ತಂತ್ರಾಂಶಗಳು ಇಷ್ಟು ಸಂಕೇತಗಳೆಂದು ಎಣಿಸಿ ತುಂಡರಿಸುತ್ತವೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದ ಲೆಕ್ಕದಲ್ಲಿ 6 ಸಂಕೇತಗಳು. ಅವುಗಳ ನಡುವೆ ಕತ್ತರಿ ಬಿದ್ದರೆ ಉಳಿಯುವುದು ಅರ್ಧ ವ್ಯಂಜನ, ಕೆಲವೊಮ್ಮೆ ಬೇರೆಯೇ ಅರ್ಥದ ಪದ. ಬೈಟ್‌ಗಳನ್ನು ಎಣಿಸಿ ತುಂಡರಿಸುವ ಕಳಪೆ ತಂತ್ರಾಂಶಗಳಲ್ಲಿ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಮೂಡುತ್ತದೆ. ಇದಕ್ಕೆ ಪರಿಹಾರವೆಂದರೆ, ಮುಖ್ಯವಾದ ಮಾತು ಮೊದಲ ಐದಾರು ಪದಗಳಲ್ಲಿಯೇ ಬರುವಂತೆ ಶೀರ್ಷಿಕೆ ಬರೆಯುವುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಸಲಹೆಯನ್ನು ಪಾಲಿಸುವುದು ಇಂಗ್ಲಿಷಿನಷ್ಟು ಸುಲಭವಲ್ಲ. ‘ಮೀಸಲಾತಿ ಹೆಚ್ಚಳದ ಪ್ರಸ್ತಾವವನ್ನು ಸಚಿವ ಸಂಪುಟ ತಿರಸ್ಕರಿಸಿದೆ’ ಎಂಬ ಶೀರ್ಷಿಕೆ ಕೊನೆಯ ಪದಕ್ಕೆ ಮುಂಚೆ ತುಂಡಾದರೆ ಒಪ್ಪಿದೆಯೋ ತಿರಸ್ಕರಿಸಿದೆಯೋ ತಿಳಿಯದು. ಹಂಚಿಕೆಗಾಗಿ ಅದನ್ನು ‘ಸಂಪುಟದಿಂದ ತಿರಸ್ಕೃತ: ಮೀಸಲಾತಿ ಹೆಚ್ಚಳದ ಪ್ರಸ್ತಾವ’ ಎಂದು ತಿರುಗಿಸಿ ಬರೆಯುವುದು ಉಪಸಂಪಾದಕರ ಕೌಶಲಕ್ಕೆ ಸೇರಿದ್ದು, ಯಾವ ತಂತ್ರಾಂಶವೂ ಅವರ ಪರವಾಗಿ ಇದನ್ನು ಮಾಡಿಕೊಡುವುದಿಲ್ಲ.

ಮೂರನೆಯದು ಚಿತ್ರ. ಹಂಚಿಕೆಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಅಳತೆ 1200×630 ಪಿಕ್ಸೆಲ್. ಫೋಟೋ ಇಲ್ಲದ ಲೇಖನಗಳಿಗೆ ಶೀರ್ಷಿಕೆಯನ್ನೇ ಚಿತ್ರವಾಗಿ ಮೂಡಿಸುವ ಪದ್ಧತಿ ಈಗ ವ್ಯಾಪಕವಾಗಿದೆ. ಚಿತ್ರ ತಯಾರಿಸುವ ಹಲವು ಪ್ರೋಗ್ರಾಮ್‌ಗಳು ಭಾರತೀಯ ಲಿಪಿಗಳ ಅಕ್ಷರ ಜೋಡಣೆಯನ್ನು ತಾವಾಗಿ ತಿಳಿಯವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರ ತಯಾರಿಸುವ ಪಿಲ್ಲೋ ಲೈಬ್ರರಿಯನ್ನು ರಾಕ್ಮ್ ಎಂಬ ಜೊತೆ ಲೈಬ್ರರಿ ಇಲ್ಲದೆ ಬಳಸಿದರೆ ಒತ್ತಕ್ಷರಗಳು ಕೂಡಿಕೊಳ್ಳದೆ, ‘ಕನ್ನಡ’ ಎಂಬುದು ‘ಕನ್‌ನಡ’ ಎಂದು ಬಿಡಿಬಿಡಿಯಾಗಿ ಮೂಡುತ್ತದೆ. ಶೀರ್ಷಿಕೆಯನ್ನು ಒಂದು ವೆಬ್ ಪುಟವಾಗಿ ರಚಿಸಿ, ಬ್ರೌಸರ್ ಮೂಲಕ ಅದರ ಚಿತ್ರ ತೆಗೆಯುವುದು ಹೆಚ್ಚು ಭರವಸೆಯ ದಾರಿ, ಏಕೆಂದರೆ ಬ್ರೌಸರ್‌ಗಳಿಗೆ ಕನ್ನಡದ ಜೋಡಣೆ ಸರಿಯಾಗಿ ಗೊತ್ತಿದೆ. ಇನ್ನು, ಯೂನಿಕೋಡ್‌ಗೆ ಬದಲಾಗದೆ ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳ ಸಂಕೇತದಲ್ಲಿಯೇ ಉಳಿದಿರುವ ಪುಟಗಳ ಪ್ರಿವ್ಯೂದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮಾತ್ರ ಬರುತ್ತದೆ. ಎರಡು ದಶಕಗಳ ಹಿಂದಿನ ಎಷ್ಟೋ ಒಳ್ಳೆಯ ಬರಹ ಈ ಕಾರಣದಿಂದ ಹಂಚಿಕೆಯ ಜಗತ್ತಿನಿಂದಲೇ ಹೊರಗುಳಿದಿರುವುದು ನೋವಿನ ಸಂಗತಿ.

ಪ್ರಿವ್ಯೂದ ಮೇಲಿನ ನಿಯಂತ್ರಣವು ಹಣದ ಪ್ರಶ್ನೆಯೂ ಹೌದೆಂಬುದನ್ನು ಹಲವು ದೇಶಗಳ ಕಾನೂನು ಹೋರಾಟಗಳು ತೋರಿಸಿವೆ. ಚೌಕಟ್ಟಿನಲ್ಲಿಯೇ ಸುದ್ದಿಯ ಸಾರ ಸಿಕ್ಕಿಬಿಟ್ಟರೆ ಓದುಗರು ಪತ್ರಿಕೆಯ ತಾಣಕ್ಕೆ ಬರುವುದಿಲ್ಲ, ಜಾಹೀರಾತಿನ ಆದಾಯ ವೇದಿಕೆಯ ಪಾಲಾಗುತ್ತದೆ ಎಂಬುದು ಪ್ರಕಾಶಕರ ವಾದ. ಐರೋಪ್ಯ ಒಕ್ಕೂಟದ 2019ರ ಹಕ್ಕುಸ್ವಾಮ್ಯ ನಿರ್ದೇಶನದ 15ನೇ ವಿಧಿಯು ಪತ್ರಿಕಾ ಪ್ರಕಾಶಕರಿಗೆ ಈ ಬಳಕೆಯ ಮೇಲೆ ಹಕ್ಕು ಕೊಟ್ಟು, ಬರಿಯ ಲಿಂಕ್‌ಗಳನ್ನೂ ಬಿಡಿ ಪದಗಳು ಅಥವಾ ಅತಿ ಚಿಕ್ಕ ಉದ್ಧರಣೆಗಳನ್ನೂ ಅದರಿಂದ ಹೊರಗಿಟ್ಟಿತು. ಅದನ್ನು ಮೊದಲು ಜಾರಿಗೆ ತಂದ ಫ್ರಾನ್ಸ್‌ನಲ್ಲಿ, ಪ್ರಕಾಶಕರು ಉಚಿತವಾಗಿ ಒಪ್ಪಿಗೆ ಕೊಡದಿದ್ದರೆ ಹುಡುಕಾಟದ ಫಲಿತಾಂಶದಲ್ಲಿ ಸಾರಾಂಶವನ್ನೂ ಚಿತ್ರವನ್ನೂ ತೋರಿಸುವುದಿಲ್ಲ ಎಂದು ಗೂಗಲ್ ಹೇಳಿತು. ಒಪ್ಪಿಗೆಯ ಪ್ರಮಾಣವನ್ನು ಹೇಳಲು ಅದು ಹೊಸ ಟ್ಯಾಗ್‌ಗಳನ್ನೂ ಕೊಟ್ಟಿತು: ಎಷ್ಟು ಅಕ್ಷರಗಳ ಸಾರಾಂಶ, ಎಷ್ಟು ದೊಡ್ಡ ಚಿತ್ರ ಎಂಬುದನ್ನು ಪುಟವೇ ನಿಗದಿಪಡಿಸಬಹುದು. ಹೆಚ್ಚಿನ ಪ್ರಕಾಶಕರು ಓದುಗರನ್ನು ಕಳೆದುಕೊಳ್ಳುವ ಭಯದಿಂದ ಒಪ್ಪಿದರು. ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರವು, ಗೂಗಲ್ ಪ್ರಕಾಶಕರೊಂದಿಗೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕೆಂದು 2020ರಲ್ಲಿ ಆದೇಶಿಸಿ, ಅದನ್ನು ಪಾಲಿಸಲಿಲ್ಲವೆಂದು 2021ರ ಜುಲೈನಲ್ಲಿ 50 ಕೋಟಿ ಯೂರೊ ದಂಡ ವಿಧಿಸಿತು. ಭಾರತದಲ್ಲಿಯೂ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು.

ಸುದ್ದಿಗೆ ಹಣ ಕೊಡಬೇಕೆಂಬ ಕಾನೂನುಗಳಿಗೆ ಪ್ರತಿಯಾಗಿ ಫೇಸ್‌ಬುಕ್‌ನ ಒಡೆಯ ಸಂಸ್ಥೆ ಮೆಟಾ ಹಿಡಿದ ದಾರಿ ಇನ್ನೂ ಕಠಿಣ. ಆಸ್ಟ್ರೇಲಿಯಾದಲ್ಲಿ 2021ರ ಫೆಬ್ರುವರಿಯಲ್ಲಿ ಕೆಲವು ದಿನ, ಕೆನಡಾದಲ್ಲಿ 2023ರ ಆಗಸ್ಟ್‌ನಿಂದ, ಅದು ಸುದ್ದಿಯ ಲಿಂಕ್‌ಗಳನ್ನೇ ತನ್ನ ತಾಣಗಳಿಂದ ತೆಗೆದುಹಾಕಿತು. ಕೆನಡಾದಲ್ಲಿರುವ ಕನ್ನಡಿಗರಿಗೂ ಅಂದಿನಿಂದ ಫೇಸ್‌ಬುಕ್‌ನಲ್ಲಿ ಸುದ್ದಿ ಸಂಸ್ಥೆಗಳ ಲಿಂಕ್‌ಗಳನ್ನು ನೋಡಲಾಗದ ಸ್ಥಿತಿ ಬಂತು. ಅಲ್ಲಿ ಸುದ್ದಿಯ ಸ್ಕ್ರೀನ್‌ಶಾಟ್‌ಗಳನ್ನು ಹಂಚುವುದು ರೂಢಿಯಾಯಿತು. ಸ್ಕ್ರೀನ್‌ಶಾಟ್‌ಗೆ ವಿಳಾಸವಿಲ್ಲ, ದಿನಾಂಕವಿಲ್ಲ, ತಿದ್ದುಪಡಿಯಿಲ್ಲ, ಮೂಲಕ್ಕೆ ಹೋಗುವ ದಾರಿಯೂ ಇಲ್ಲ. ಲಿಂಕನ್ನೂ ಅದರ ಚೌಕಟ್ಟನ್ನೂ ಚೌಕಾಸಿಯ ವಸ್ತುವಾಗಿಸಿದಾಗ ಮಾಹಿತಿಯ ಗುಣಮಟ್ಟಕ್ಕೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಒಳ್ಳೆಯ ದಿಕ್ಕಿನ ಪ್ರಯತ್ನಗಳೂ ನಡೆದಿವೆ. ಮಸ್ಟೊಡಾನ್ ಎಂಬ ಸಾಮಾಜಿಕ ಜಾಲವು 2024ರಲ್ಲಿ ಲೇಖಕರ ಖಾತೆಯನ್ನು ಸೂಚಿಸುವ ಒಂದು ಹೊಸ ಟ್ಯಾಗನ್ನು ತಂದು, ಪ್ರಿವ್ಯೂದ ಕೆಳಗೆ ಬರೆದವರ ಹೆಸರು ಕಾಣುವಂತೆ ಮಾಡಿತು. ಯಾರೋ ಬೇರೆಯವರ ಹೆಸರನ್ನು ತಮ್ಮ ಪುಟಕ್ಕೆ ಅಂಟಿಸಿಕೊಳ್ಳದಂತೆ, ಯಾವ ತಾಣಗಳು ತಮ್ಮ ಹೆಸರನ್ನು ಬಳಸಬಹುದೆಂದು ಲೇಖಕರೇ ಮೊದಲು ಒಪ್ಪಿಗೆ ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ಪುಟ ಹೇಳಿದ್ದನ್ನು ಇನ್ನೊಂದು ಕಡೆಯಿಂದ ದೃಢಪಡಿಸಿಕೊಂಡು ತೋರಿಸುವ ಈ ಕ್ರಮವನ್ನು ತಾಣದ ಹೆಸರು, ಲಾಂಛನಗಳಿಗೂ ವಿಸ್ತರಿಸಿದರೆ ಸರ್ಕಾರಿ ಯೋಜನೆಗಳ ಹೆಸರಿನ ವಂಚನೆಗಳಿಗೆ ತಡೆ ಹಾಕಬಹುದು. ಇದನ್ನು ಮಾಡಬೇಕಾದವರು ದೊಡ್ಡ ಕಂಪನಿಗಳು, ಕೇಳಬೇಕಾದವರು ನಾವು.

ಅಲ್ಲಿಯವರೆಗೆ ಕನ್ನಡದ ಪ್ರಕಾಶಕರು, ವೈಯಕ್ತಿಕವಾಗಿ ಬರೆಯುವವರೂ ಸೇರಿದಂತೆ, ತಮ್ಮ ಕೈಯಲ್ಲಿರುವುದನ್ನು ಮಾಡಬಹುದು. ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಿಗೆ ಈ ಟ್ಯಾಗ್‌ಗಳನ್ನು ಹಾಕಿಕೊಡುವ ಉಚಿತ ಪ್ಲಗಿನ್‌ಗಳಿವೆ. ಭಾಷೆಯ ಟ್ಯಾಗ್‌ನಲ್ಲಿ ಏನೂ ಬರೆಯದಿದ್ದರೆ ಪುಟ ಅಮೆರಿಕನ್ ಇಂಗ್ಲಿಷಿನದ್ದೆಂದೇ ಓಪನ್ ಗ್ರಾಫ್ ಭಾವಿಸುವುದರಿಂದ, ಅಲ್ಲಿ ಕನ್ನಡ ಮತ್ತು ಭಾರತ ಎಂದು ಸೂಚಿಸಬೇಕು. ಚಿತ್ರಕ್ಕೆ ಪರ್ಯಾಯ ಪಠ್ಯ, ಅಂದರೆ ಅದರಲ್ಲಿ ಏನಿದೆಯೆಂಬ ವಿವರಣೆ, ಬರೆದರೆ, ಅದನ್ನು ಬಳಸಿಕೊಳ್ಳುವ ತಾಣಗಳಲ್ಲಿ ದೃಷ್ಟಿದೋಷವುಳ್ಳ ಓದುಗರಿಗೂ ಚೌಕಟ್ಟು ತಲುಪುತ್ತದೆ. ಚಿತ್ರದ ಫೈಲು ಭಾರವಾದರೆ ವಾಟ್ಸ್ಯಾಪ್ ಅದನ್ನು ಕೈಬಿಡುವುದರಿಂದ ಕೆಲವು ನೂರು ಕಿಲೋಬೈಟ್‌ಗಳೊಳಗೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸುದ್ದಿಮನೆಯ ತಂತ್ರಾಂಶದಲ್ಲಿ ಲೇಖನವನ್ನು ಸಿದ್ಧಪಡಿಸುವ ಪರದೆಯ ಮೇಲೆಯೇ ಹಂಚಿಕೆಯ ಚೌಕಟ್ಟು ಕಾಣಿಸಬೇಕು, ಪುಟವನ್ನು ನೋಡಿ ಒಪ್ಪುವ ಸಂಪಾದಕರೇ ಅದನ್ನೂ ಓದಿ, ಶೀರ್ಷಿಕೆ, ಚಿತ್ರ ಮತ್ತು ವರ್ಷ ಮೂರನ್ನೂ ಸರಿನೋಡಿ ಒಪ್ಪಿಗೆ ಕೊಡಬೇಕು.